ಅಧ್ಯಕ್ಷರ ದನಿಯಲ್ಲಿ ಒಂದು ಸನ್ಮಾನ

ಪತ್ರಕರ್ತರು ಹೇಳಿದ್ದನ್ನೆಲ್ಲ ನಂಬಬೇಕೆಂದೇನೂ ಇಲ್ಲ. ಪತ್ರಕರ್ತರ ಬಗ್ಗೆ ಬೇರೆಯವರು ಹೇಳಿದ್ದನ್ನು ಮಾತ್ರ ಕಣ್ಣು ಮುಚ್ಚಿ ನಂಬಬಹುದು. ಈ ಕತೆ ಎರಡನೆಯ ಪೈಕಿಯದು. ಹಾಗಾಗಿ ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಅಲ್ಲಲ್ಲಿ ಉಪ್ಪು ಖಾರ ಬಿದ್ದಿದ್ದರೆ ಅದು ರುಚಿಗೆ, ಲೆಕ್ಕಕ್ಕಲ್ಲ.

ಊರಿನ ಪತ್ರಕರ್ತರ ಸಂಘಕ್ಕೆ ಸ್ವಂತ ಕಟ್ಟಡವಿತ್ತು. ಮುಂದೆ ಪತ್ರಿಕಾಗೋಷ್ಠಿಯ ಹಾಲು, ಹಾಲಿನ ಹಿಂದೆ ಕಚೇರಿ, ಕಚೇರಿಯ ಹಿಂದೆ ಕ್ಯಾಂಟೀನು, ಮೂರರ ತಲೆಯ ಮೇಲೂ ಅರ್ಧ ಕಟ್ಟಿ ಬಿಟ್ಟ ಮೇಲಂತಸ್ತು. ಅದರ ಕಂಬಗಳಿಂದ ಕಬ್ಬಿಣದ ಸರಳುಗಳು ಬಾಚದ ಕೂದಲಿನಂತೆ ಎದ್ದು ನಿಂತಿದ್ದವು. ಹಾಲಿನಲ್ಲಿ ಸತ್ಯ ಹೇಳುತ್ತೇವೆಂದು ಬಂದವರು ಸುಳ್ಳು ಹೇಳಿ ಹೋಗುತ್ತಿದ್ದರು. ಕ್ಯಾಂಟೀನಿನಲ್ಲಿ ಸುಳ್ಳು ಹೊಡೆಯಲು ಕೂತವರ ಬಾಯಿಂದ ಆಗಾಗ ಸತ್ಯ ಜಾರಿ ಬೀಳುತ್ತಿತ್ತು. ಸಂಘಕ್ಕಿಂತ ಅಲ್ಲಿ ಸಂಗವೇ ಹೆಚ್ಚು. ಕಾರ್ಯದರ್ಶಿಗಳಂತೂ ಹೆಸರಿಗೆ ತಕ್ಕಂತೆ ಕಾರ್ಯದ ದರ್ಶನ ದೂರದಿಂದಲೇ ಮಾಡಿ ತೃಪ್ತಿಪಡುವ ಜಾತಿ.

ಕ್ಯಾಂಟೀನಿನ ಮೂಲೆಯ ಮೇಜು ಗಿಳಿಯದು. ಗಿಳಿ ಎಂದರೆ ಸಂಜೆ ಪತ್ರಿಕೆಯ ಅಪರಾಧ ವರದಿಗಾರ. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಬಿಟ್ಟರೆ ಇನ್ನೆಲ್ಲೂ ಚಾಲ್ತಿಯಲ್ಲಿರಲಿಲ್ಲ. ಯಾರ ದನಿಯನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದು ಇವನ ಗಂಟಲಿನಿಂದ ಹೊರಡುತ್ತಿತ್ತು. ಪೊಲೀಸ್ ಅಧಿಕಾರಿ ಪ್ರಶ್ನೆಗೆ ಮೊದಲು ಕೆಮ್ಮುವುದು, ಮೇಯರಮ್ಮ ಉತ್ತರದ ಬದಲು ನೀರು ಕುಡಿಯುವುದು, ಇವನ ಸಂಪಾದಕರು ಸಿಟ್ಟು ಬಂದಾಗ ಹೆಣ್ಣುದನಿಯಾಗುವುದು, ಎಲ್ಲವೂ. ಅದರಲ್ಲೂ ಅವನ ಮಾಸ್ಟರ್‌ಪೀಸ್ ಸಂಘದ ಅಧ್ಯಕ್ಷರು. ಅಧ್ಯಕ್ಷರ ಮಾತು ಎಣ್ಣೆ ಬಿಟ್ಟ ಬಾಗಿಲಿನ ಹಾಗೆ. ತೆರೆಯುವುದೂ ಗೊತ್ತಾಗುವುದಿಲ್ಲ, ಮುಚ್ಚುವುದೂ ಗೊತ್ತಾಗುವುದಿಲ್ಲ. "ಆತ್ಮೀಯರೇ" ಎಂದು ಆರಂಭಿಸಿ "ನೋಡಿ, ಒಂದು ಮಾತು" ಎಂದು ಹತ್ತು ಮಾತು ಹೇಳುವವರು. ಗಿಳಿ ಅದನ್ನು ಮಾಡಿದರೆ ಕಚೇರಿಯಲ್ಲಿದ್ದ ಕಾರ್ಯದರ್ಶಿ ಕುರ್ಚಿಯಿಂದ ಎದ್ದು ನಿಂತದ್ದೂ ಉಂಟು.

ಮನೆಯಲ್ಲಿ ಹೆಂಡತಿ ಒಂದೇ ನಿಯಮ ಮಾಡಿದ್ದಳು. "ಚಪ್ಪಲಿ ಹೊರಗೆ ಬಿಡು, ಬೇರೆಯವರ ದನಿನೂ ಹೊರಗೆ ಬಿಡು."

ಆ ಮಧ್ಯಾಹ್ನ ಊರಿನಲ್ಲಿ ಸುದ್ದಿ ಎಂಬುದೇ ಇರಲಿಲ್ಲ. ಪತ್ರಿಕಾಗೋಷ್ಠಿ ಕರೆದವರು ಕರೆದು ಮರೆತಿದ್ದರು. ಮೂಲೆಯ ಮೇಜಿನ ಸುತ್ತ ಆರೇಳು ಜನ ತಣ್ಣಗಾದ ಕಾಫಿಯ ಮುಂದೆ ಆಕಳಿಸುತ್ತಿದ್ದರು. ಮಾತು ಸಂಘದ ವಾರ್ಷಿಕೋತ್ಸವದ ಕಡೆ ಹೊರಳಿತು. ಪ್ರತಿವರ್ಷ ಒಬ್ಬ ಹಿರಿಯ ಪತ್ರಕರ್ತರಿಗೆ ಸನ್ಮಾನ. ಈ ವರ್ಷ ಇನ್ನೂ ಯಾರೆಂದು ನಿಕ್ಕಿಯಾಗಿರಲಿಲ್ಲ.

"ಕತ್ತರಿಯವರಿಗೆ ಮಾಡ್ಬೇಕಪ್ಪ," ಎಂದ ಫ್ಲ್ಯಾಶ್. ಅವನು ಛಾಯಾಗ್ರಾಹಕ, ಗಿಳಿಯ ಜೋಡಿ.

"ಮಾಡ್ತಾರೆ ಮಾಡ್ತಾರೆ. ಅಧ್ಯಕ್ಷರು ಫೋನ್ ಮಾಡಿದ್ರೆ ಕತ್ತರಿಯವರು ಅವರ ಚರ್ಮ ಸುಲಿದು ಒಣಗಿಹಾಕ್ತಾರೆ," ಎಂದ ಇನ್ನೊಬ್ಬ.

ಎಲ್ಲರೂ ನಕ್ಕರು. ಆ ನಗುವಿಗೊಂದು ಹಿನ್ನೆಲೆ ಇತ್ತು. ಕತ್ತರಿ ಎಂಬ ಅಡ್ಡಹೆಸರಿನ ಆ ಹಿರಿಯರು ಊರಿನ ದೊಡ್ಡ ಪತ್ರಿಕೆಯಲ್ಲಿ ಮುಖ್ಯ ಉಪಸಂಪಾದಕರಾಗಿದ್ದವರು. ಗಿಳಿಯೂ ಸೇರಿದಂತೆ ಅರ್ಧ ಊರಿನ ವರದಿಗಾರರು ಅವರ ಮೇಜಿನ ಮುಂದೆ ಬೈಸಿಕೊಂಡೇ ಬೆಳೆದವರು. ಯಾರು ಏನು ಬರೆದುಕೊಂಡು ಬಂದರೂ ಅವರದು ಒಂದೇ ಪ್ರಶ್ನೆ: "ಯಾರು ಹೇಳಿದ್ದು?" ಹೇಳಿದವರ ಹೆಸರಿಲ್ಲದಿದ್ದರೆ ಸುದ್ದಿ ಬುಟ್ಟಿಗೆ. "ಮೂಲ ಇಲ್ಲದ ಸುದ್ದಿ ಮೂಲವ್ಯಾಧಿ ಇದ್ದ ಹಾಗೆ ಕಣಯ್ಯ. ಬರೆದೋನೂ ನೆಟ್ಟಗೆ ಕೂರಲ್ಲ, ಓದಿದೋನೂ ಕೂರಲ್ಲ," ಎನ್ನುವರು.

ಒಂದು ದಿನ ಪತ್ರಿಕೆಯ ಮಾಲೀಕರೇ ಕೆಳಗಿಳಿದು ಬಂದು, ತಮ್ಮ ವ್ಯಾಪಾರದ ಎದುರಾಳಿಯ ಮೇಲೆ ಒಂದು ಗುಸುಗುಸು ಸುದ್ದಿಯನ್ನು ಮುಖಪುಟಕ್ಕೆ ಹಾಕಲು ಹೇಳಿದರು. ಕತ್ತರಿ ತಲೆ ಎತ್ತದೆ ಕೇಳಿದರು, "ಯಾರು ಹೇಳಿದ್ದು?" "ನಾನು ಹೇಳ್ತಿದ್ದೀನಿ," ಎಂದರು ಮಾಲೀಕರು. "ಸರಿ, ನಿಮ್ಮ ಹೆಸರೇ ಹಾಕ್ತೀನಿ." ಮರುದಿನ ಕತ್ತರಿಯವರು ಬಂದಾಗ ಅವರ ಮೇಜಿತ್ತು, ಕುರ್ಚಿ ಇರಲಿಲ್ಲ. ಅವರು ನ್ಯಾಯ ಕೇಳಲು ಸಂಘಕ್ಕೆ ಬಂದರು. ಮುಂದಿನ ಸಭೆಯಲ್ಲಿ ಚರ್ಚಿಸೋಣ ಎಂದಿತು ಸಂಘ. ಆ ಮುಂದಿನ ಸಭೆ ಇವತ್ತಿಗೂ ಮುಂದೆಯೇ ಇದೆ. ಅಂದಿನಿಂದ ಕತ್ತರಿ ಸಂಘದ ಮೆಟ್ಟಿಲು ತುಳಿದಿರಲಿಲ್ಲ. ಆ ಬೀದಿಯಲ್ಲಿ ಹೋಗಬೇಕಾಗಿ ಬಂದರೆ ಎದುರುಗಡೆಯ ಫುಟ್‌ಪಾತ್ ಹಿಡಿಯುತ್ತಿದ್ದರು.

"ಗಿಳಿ, ಒಂದು ಕೈ ನೋಡೇಬಿಡೋ," ಫ್ಲ್ಯಾಶ್ ಮೊಣಕೈಯಿಂದ ತಿವಿದ. "ಅಧ್ಯಕ್ಷರ ದನೀಲಿ ಫೋನ್ ಮಾಡು. ಅವರು ಬೈಯೋದನ್ನ ಕೇಳಿ ಯಾವ ಕಾಲ ಆಯ್ತು. ಅಧ್ಯಕ್ಷರಿಗೂ ಬಿದ್ದ ಹಾಗಾಗುತ್ತೆ, ನಮಗೂ ಕೇಳಿದ ಹಾಗಾಗುತ್ತೆ."

ಗಿಳಿಯ ನಾಲಿಗೆಗೆ ತುರಿಕೆ ಹತ್ತಲು ಅಷ್ಟು ಸಾಕಿತ್ತು. ಕಚೇರಿಯಲ್ಲಿ ಯಾರೂ ಇರಲಿಲ್ಲ. ಸಂಘದ ಫೋನನ್ನು ಕಿಟಕಿಯಿಂದ ಎಳೆದು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಗುಂಡಿ ಒತ್ತಿದರು. ಆ ಕಡೆ ರಿಂಗಾಯಿತು.

"ಯಾರು?" ಕತ್ತರಿಯವರ ದನಿ. ಹಳೆಯ ಬ್ಲೇಡಿಗೂ ಅಲುಗು ಇನ್ನೂ ಇತ್ತು.

"ಆತ್ಮೀಯರೇ, ನಾನು ಅಧ್ಯಕ್ಷ. ಸಂಘದಿಂದ."

ಮೇಜಿನ ಸುತ್ತ ಎಲ್ಲರೂ ತುಟಿ ಕಚ್ಚಿಕೊಂಡರು.

"ನೋಡಿ, ಒಂದು ಮಾತು. ಈ ಸಲದ ವಾರ್ಷಿಕೋತ್ಸವದಲ್ಲಿ ನಿಮಗೆ ಸನ್ಮಾನ ಮಾಡ್ಬೇಕು ಅಂತ ಸಮಿತಿ ತೀರ್ಮಾನ ಮಾಡಿದೆ. ತಾವು ದಯಮಾಡಿ ಒಪ್ಕೋಬೇಕು."

ಫ್ಲ್ಯಾಶ್ ಕೈಸನ್ನೆ ಮಾಡಿದ: ಬಂತು, ಈಗ ಬಂತು ನೋಡು.

"ನನಗಾ?" ಎಂದಿತು ಆ ದನಿ. ಅಲುಗು ಎಲ್ಲೋ ಕಳಚಿತ್ತು. "ಯಾಕೆ?"

ಈ ಪ್ರಶ್ನೆಗೆ ಗಿಳಿ ತಯಾರಾಗಿ ಬಂದಿರಲಿಲ್ಲ. ಬೈಗುಳಕ್ಕೆ ಬಾಯಿ ತೆರೆದು ಕಾಯುತ್ತಿದ್ದವನಿಗೆ "ಯಾಕೆ" ಎಂದರೆ ಏನು ಹೇಳುವುದು? ಬಾಯಿಗೆ ಬಂದದ್ದನ್ನು ಹೇಳಿಬಿಟ್ಟ, ಅಧ್ಯಕ್ಷರ ಎಣ್ಣೆ ದನಿಯಲ್ಲೇ.

"ಅವತ್ತು ಸಂಘ ನಿಮ್ಮ ಪರ ಮಾತಾಡ್ಬೇಕಿತ್ತು. ಮಾತಾಡ್ಲಿಲ್ಲ. ಅದು ನಮ್ಮ ತಪ್ಪು. ಅದಕ್ಕೆ."

ಆ ಕಡೆಯಿಂದ ಉಸಿರು ಎಳೆದುಕೊಂಡ ಸದ್ದು, ಆಮೇಲೆ ಮೂಗು ಒರೆಸಿಕೊಂಡ ಸದ್ದು.

"ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನಪ್ಪಾ?" ಎಂದರು ಕತ್ತರಿ. "ಬರ್ತೀನಿ. ಅಕ್ಕನ್ನೂ ಕರ್ಕೊಂಡು ಬರಬಹುದಾ?"

"ಕರ್ಕೊಂಡು ಬನ್ನಿ," ಎಂದ ಗಿಳಿ. ಯಾರ ದನಿಯಲ್ಲಿ ಹೇಳಿದನೋ ಅವನಿಗೇ ಗೊತ್ತಾಗಲಿಲ್ಲ.

ಫೋನ್ ಇಟ್ಟ ಮೇಲೆ ಮೂಲೆಯ ಮೇಜಿನಲ್ಲಿ ಯಾರೂ ನಗಲಿಲ್ಲ. ಒಬ್ಬನಿಗೆ ಇದ್ದಕ್ಕಿದ್ದಂತೆ ನ್ಯಾಯಾಲಯದ ಸುದ್ದಿ ನೆನಪಾಯಿತು. ಇನ್ನೊಬ್ಬನಿಗೆ ಮಗಳನ್ನು ಶಾಲೆಯಿಂದ ಕರೆತರುವುದಿತ್ತು. ಕೊನೆಗೆ ಉಳಿದದ್ದು ಫ್ಲ್ಯಾಶ್ ಒಬ್ಬನೇ. ಅವನೂ ಕ್ಯಾಮೆರಾ ಚೀಲ ಹೆಗಲಿಗೇರಿಸಿ, "ಏನಾದ್ರೂ ಒಂದು ಮಾಡಿ ಸರಿಮಾಡೋ," ಎಂದು ಹೊರಟ. ಮಾಡು ಎಂದವನೂ ಅವನೇ, ಸರಿಮಾಡು ಎಂದವನೂ ಅವನೇ.

ಗಿಳಿ ಮತ್ತೆ ಫೋನ್ ಎತ್ತಿದ, ಇಟ್ಟ. ಇನ್ನೊಮ್ಮೆ ಎತ್ತಿದ, ಇಟ್ಟ. ನಾಳೆ ಹೇಳಿದರಾಯಿತು ಅಂದುಕೊಂಡ. ನಾಳೆ ಎಂಬುದು ಪತ್ರಿಕೆಯವರ ಪಾಲಿಗೆ ಬಹಳ ತಡ ಎಂದು ಅವನಿಗೆ ಗೊತ್ತಿರಬೇಕಿತ್ತು.

ಕತ್ತರಿಯವರ ಮನೆಯ ಕೆಳಗಿನ ಮನೆಯಲ್ಲಿ ಬೆಳಗಿನ ಪತ್ರಿಕೆಯ ವರದಿಗಾರನೊಬ್ಬ ಬಾಡಿಗೆಗಿದ್ದ. ಕತ್ತರಿಯವರ ಅಕ್ಕ ಬಟ್ಟೆ ಒಣಹಾಕುತ್ತ ಮೇಲಿನಿಂದಲೇ ಅವನಿಗೆ ಸುದ್ದಿ ಒದರಿದರು. ಹುಡುಗ ಶಿಸ್ತಿನವನು, ಕೇಳಿದ್ದನ್ನು ಹಾಗೇ ಬರೆಯಲಿಲ್ಲ. ದೃಢಪಡಿಸಿಕೊಳ್ಳಲು ಸಂಘದ ಕಾರ್ಯದರ್ಶಿಗೆ ಫೋನ್ ಮಾಡಿದ. ತಮಗೆ ಹೇಳದೆ ಅಧ್ಯಕ್ಷರು ತೀರ್ಮಾನ ಮಾಡಿಬಿಟ್ಟಿದ್ದಾರೆ ಎಂದು ಕಾರ್ಯದರ್ಶಿಗೆ ಹೊಟ್ಟೆ ಉರಿಯಿತು. ಆದರೆ ತಮಗೆ ಗೊತ್ತಿಲ್ಲ ಎಂದು ಒಬ್ಬ ವರದಿಗಾರನ ಮುಂದೆ ಒಪ್ಪಿಕೊಳ್ಳುವುದುಂಟೆ? "ಹೌದ್ರಿ ಹೌದು, ಸಮಿತಿ ತೀರ್ಮಾನ. ಬರ್ಕೊಳ್ಳಿ," ಎಂದರು.

ಬೆಳಿಗ್ಗೆ ಪತ್ರಿಕೆಯಲ್ಲಿ ನೋಡಿದ ಅಧ್ಯಕ್ಷರು, ಇದು ಕಾರ್ಯದರ್ಶಿಯ ಕಿತಾಪತಿ ಎಂದುಕೊಂಡರು. ಅಷ್ಟರಲ್ಲಿ ಅಭಿನಂದನೆಯ ಫೋನುಗಳು ಶುರುವಾದವು. "ದೊಡ್ಡ ಮನಸ್ಸು ಸರ್ ನಿಮ್ಮದು." "ಇಂಥ ಕೆಲಸ ನಿಮ್ಮಿಂದ್ಲೇ ಸಾಧ್ಯ ಸರ್." ದೊಡ್ಡ ಮನಸ್ಸು ಎಂದು ನಾಲ್ಕು ಜನ ಹೇಳಿದ ಮೇಲೆ ಇಲ್ಲ ಎನ್ನುವುದು ಸಣ್ಣತನವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅದು "ಸರ್ವಾನುಮತದ ತೀರ್ಮಾನ" ಆಯಿತು. ಸಂಜೆಯ ಹೊತ್ತಿಗೆ "ಮೊದಲು ಸಲಹೆ ಕೊಟ್ಟಿದ್ದೇ ನಾನು" ಆಯಿತು. ಸಮಿತಿಯ ಸದಸ್ಯರಲ್ಲಿ ಪ್ರತಿಯೊಬ್ಬರೂ, ತಾನು ಸಿಗರೇಟಿಗೆ ಹೊರಗೆ ಹೋಗಿದ್ದಾಗ ಇದು ಆಗಿರಬೇಕು ಎಂದು ನಂಬಿದರು. ಸಿಗರೇಟು ಸೇದದವರೂ ಹಾಗೇ ನಂಬಿದರು.

ಹೀಗೆ ಒಂದು ಕಾಫಿ ಹರಟೆ ಊರಿನ ಎಲ್ಲ ಪತ್ರಿಕೆಗಳಲ್ಲೂ ಅಚ್ಚಾಯಿತು. ಒಂದರಲ್ಲಂತೂ ಕತ್ತರಿಯವರ ಫೋಟೋ ಬದಲು ಯಾರೋ ತೀರಿಹೋದ ನಾಟಕದ ನಟನ ಫೋಟೋ ಬಂದಿತ್ತು. ಗಿಳಿಯ ಸಂಪಾದಕರು ಅವನನ್ನೇ ಕರೆದು, "ನೀನು ಅವರ ಶಿಷ್ಯ ಅಲ್ವಾ, ಚೌಕಟ್ಟಿನಲ್ಲಿ ಚೆನ್ನಾಗಿ ಒಂದು ಬರಿ," ಎಂದರು. ಗಿಳಿ ಬರೆದ. "ಸಂಘದ ಮೂಲಗಳು ತಿಳಿಸಿವೆ" ಎಂದು ಬೆರಳಿಗೆ ಬಂದಾಗ ಕೈ ನಿಂತಿತು. ಊರಿನ ಅಷ್ಟೂ ಪತ್ರಿಕೆಗಳಲ್ಲಿ ನಿಜವಾದ ಮೂಲ ಯಾರೆಂದು ಗೊತ್ತಿದ್ದು ಬರೆದದ್ದು ಇವನೊಬ್ಬನೇ.

ಆ ವಾರ ಅವನಿಗೆ ಅನ್ನ ರುಚಿಸಲಿಲ್ಲ. ಹೆಂಡತಿ ಗಮನಿಸಿದಳು. ವಿಷಯವೆಲ್ಲ ಕೇಳಿದ ಮೇಲೆ ತಟ್ಟೆ ಸರಿಸಿ ಕೂತಳು.

"ಹೋಗಿ ಹೇಳ್ಬಿಡು."

"ಹೇಳಿದ್ರೆ ಅವರು ಸತ್ತೇಹೋಗ್ತಾರೆ ಕಣೆ. ಈಗ ಹೇಗೂ ನಿಜಾನೇ ಆಗ್ಬಿಟ್ಟಿದೆ. ಅಧ್ಯಕ್ಷರೇ ಒಪ್ಕೊಂಡಿದ್ದಾರೆ, ಕಾರ್ಡ್ ಪ್ರಿಂಟಾಗಿದೆ. ಸನ್ಮಾನ ಆಗುತ್ತೆ, ಎಲ್ಲರಿಗೂ ಖುಷಿ. ನಾನ್ಯಾಕೆ ಮಧ್ಯ ಬಾಯಿ ಹಾಕ್ಲಿ?"

"ಇದನ್ನ ಈಗ ಯಾರ ದನೀಲಿ ಹೇಳ್ತಿದ್ದೀಯ?" ಎಂದಳು ಅವಳು.

ಗಿಳಿಗೆ ಸಿಟ್ಟು ಬಂತು. ಸಿಟ್ಟು ಬಂದದ್ದು ಅದು ನಿಜವಾಗಿದ್ದರಿಂದ. ಆ ಮಾತು ಅಧ್ಯಕ್ಷರು ಆಡಿದಂತೆಯೇ ಇತ್ತು, ಎಣ್ಣೆ ಒಂದು ಕಮ್ಮಿ.

ಆದರೆ ಅಷ್ಟು ಸುಲಭವಾಗಿ ಎಲ್ಲರಿಗೂ ಖುಷಿಯಾಗುವ ಹಾಗಿದ್ದರೆ ಊರಿನಲ್ಲಿ ಪತ್ರಿಕೆಗಳೇಕೆ ಬೇಕಿತ್ತು? ವಾರ್ಷಿಕೋತ್ಸವದ ಹಿಂದಿನ ದಿನ ಅಧ್ಯಕ್ಷರಿಗೆ ಒಂದು ಫೋನ್ ಬಂತು. ಮುಖ್ಯ ಅತಿಥಿಯಿಂದ. ಮುಖ್ಯ ಅತಿಥಿ ಬೇರೆ ಯಾರೂ ಅಲ್ಲ, ಕತ್ತರಿಯವರ ಕುರ್ಚಿ ಎತ್ತಿಸಿದ್ದ ಅದೇ ಮಾಲೀಕರು. ಸಂಘದ ಮೇಲಂತಸ್ತು ಕಟ್ಟಿಸಿಕೊಡುತ್ತಿರುವವರೂ ಅವರೇ. ಪರವೂರಿಗೆ ಹೋಗಿದ್ದವರು ಆ ದಿನ ಬೆಳಿಗ್ಗೆ ವಾಪಸು ಬಂದು ವಾರದ ಪತ್ರಿಕೆಗಳನ್ನು ನೋಡಿದ್ದರು. ವೇದಿಕೆಯ ಮೇಲೆ ಅವನಿದ್ದರೆ ನಾನಿಲ್ಲ, ನಾನಿಲ್ಲದಿದ್ದರೆ ಮೇಲಂತಸ್ತೂ ಇಲ್ಲ, ಎಂದರಂತೆ.

ಅಧ್ಯಕ್ಷರೂ ಕಾರ್ಯದರ್ಶಿಯೂ ಕಚೇರಿಯ ಬಾಗಿಲು ಹಾಕಿಕೊಂಡು ಜಗಳಕ್ಕೆ ಬಿದ್ದರು. "ನೀವು ತಾನೇ ಮಾಡಿದ್ದು!" "ನೀವಲ್ವಾ?" ಬಾಗಿಲಾಚೆ ನಿಂತು ಕೇಳುತ್ತಿದ್ದ ಫ್ಲ್ಯಾಶ್‌ಗೆ ತಡೆಯಲಾಗಲಿಲ್ಲ. ಅವನ ಬಾಯಿ ಶಟರ್ ಇಲ್ಲದ ಕ್ಯಾಮೆರಾ. ನಗುತ್ತ ಒಳಗೆ ಹೋಗಿ ಇಡೀ ಕತೆ ಹೇಳಿಬಿಟ್ಟ.

ಹತ್ತು ನಿಮಿಷದಲ್ಲಿ ಗಿಳಿ ಅಧ್ಯಕ್ಷರ ಮುಂದೆ ನಿಂತಿದ್ದ.

ಅವರು ಬೈಯಲಿಲ್ಲ. ಅದೇ ಹೆದರಿಕೆ ಹುಟ್ಟಿಸಿದ್ದು. ಕನ್ನಡಕ ಒರೆಸುತ್ತ, "ಆತ್ಮೀಯರೇ, ಕೂತ್ಕೋ," ಎಂದರು. "ನೋಡು, ಒಂದು ಮಾತು. ನನ್ನ ದನೀಲಿ ಕೊಟ್ಟಿದ್ದು ನೀನು. ನನ್ನ ದನೀಲೇ ವಾಪಸ್ ತಗೊಂಡ್ಬಿಡು."

"ಅಂದ್ರೆ?"

"ಫೋನ್ ಮಾಡು. ಅಧ್ಯಕ್ಷರಾಗಿ ಮಾತಾಡು. ಕಾರಣಾಂತರದಿಂದ ಸನ್ಮಾನ ಮುಂದಕ್ಕೆ ಹಾಕಿದ್ದೀವಿ, ತಾವು ನಾಳೆ ಬರೋದು ಬೇಡ ಅಂತ ಹೇಳು. ನಿಂಗೇನು ಹೊಸದಾ?"

"ನೀವೇ ಹೇಳ್ಬಹುದಲ್ಲ ಸರ್?"

"ಕೊಟ್ಟಿದ್ದು ನಾನಲ್ಲವಲ್ಲಪ್ಪ. ಕೊಡದೆ ಇದ್ದಿದ್ದನ್ನ ನಾನು ಹೇಗೆ ವಾಪಸ್ ತಗೊಳ್ಲಿ?" ಕನ್ನಡಕ ಮೂಗಿಗೇರಿತು. "ಸಂಜೆ ಒಳಗೆ ಮುಗಿಸು. ಇಲ್ಲ ಅಂದ್ರೆ ಸಂಘದ ಫೋನ್ ದುರ್ಬಳಕೆ, ಅಧ್ಯಕ್ಷರ ಸೋಗು... ನಿನ್ನ ಸದಸ್ಯತ್ವದ ವಿಷಯ ಸಮಿತಿ ಮುಂದೆ ಬರುತ್ತೆ. ಈ ಸಲ ಮುಂದಿನ ಸಭೆವರೆಗೂ ಕಾಯಲ್ಲ."

ಗಿಳಿ ಖಾಲಿ ಹಾಲಿಗೆ ಬಂದು ಕೂತ. ನಾಳೆಗೆಂದು ಸಾಲಾಗಿ ಜೋಡಿಸಿದ ಕುರ್ಚಿಗಳು, ವೇದಿಕೆಯ ಮೇಲೆ ಗೋಣು ತಗ್ಗಿಸಿ ನಿಂತ ಮೈಕು. ಸದಸ್ಯತ್ವ ಹೋದರೆ ಪೊಲೀಸ್ ಕಚೇರಿಯ ಗೇಟಿನ ಒಳಗೂ ಬಿಡುವುದಿಲ್ಲ. ಅಪರಾಧ ವರದಿಗಾರನಿಗೆ ಅಪರಾಧವೇ ಸಿಗುವುದಿಲ್ಲ. ಫೋನ್ ಕೈಯಲ್ಲಿ ಹಿಡಿದು, ಒಮ್ಮೆ ತಾಲೀಮಿಗೆಂದು ಬಾಯಿ ತೆರೆದ. "ಆತ್ಮೀಯರೇ..." ಒಡಕು ಮಡಕೆ ತಟ್ಟಿದ ಹಾಗಾಯಿತು. ಗಂಟಲು ಸರಿಮಾಡಿಕೊಂಡು ಮತ್ತೆ ಮಾಡಿದ. ಮತ್ತೂ ಒಡಕು. ಇಷ್ಟು ವರ್ಷ ಕರೆದಾಗಲೆಲ್ಲ ಓಡಿಬರುತ್ತಿದ್ದ ದನಿ ಇವತ್ತು ಬರಲೊಲ್ಲೆ ಎಂದು ಕೂತುಬಿಟ್ಟಿತು.

ಎದ್ದು, ಬಸ್ಸು ಹತ್ತಿದ.

ಕತ್ತರಿಯವರ ಮನೆ ಬಸ್ ಡಿಪೋದ ಎದುರು, ಎರಡನೆಯ ಮಹಡಿಯಲ್ಲಿ. ಎರಡು ಕೋಣೆ, ಗೋಡೆಯುದ್ದಕ್ಕೂ ನಿಘಂಟುಗಳು, ಕಿಟಕಿಯಲ್ಲಿ ಡೀಸೆಲ್ ವಾಸನೆ. ಬಾಗಿಲು ತೆರೆದದ್ದು ಅಕ್ಕ. ಒಂದು ಕಾಲದಲ್ಲಿ ನ್ಯಾಯಾಲಯದಲ್ಲಿ ಬೆರಳಚ್ಚುಗಾರ್ತಿಯಾಗಿದ್ದವರು. ಈಗಲೂ ಮಾತಾಡುವಾಗ ಬೆರಳುಗಳು ಗಾಳಿಯಲ್ಲಿ ಟೈಪು ಮಾಡುತ್ತಿದ್ದವು.

"ಬಾರೋ ಗಿಳಿ! ಸರಿಯಾದ ಹೊತ್ತಿಗೆ ಬಂದೆ. ಇವನಿಗೆ ನೀನಾದ್ರೂ ಬುದ್ಧಿ ಹೇಳು. ಭಾಷಣ ಅಂತ ಹನ್ನೆರಡು ಹಾಳೆ ಬರೆದ. ಆಮೇಲೆ ತನ್ನ ಚಟ ಬಿಡ್ತಾನಾ? ಕತ್ತರಿಸಿ ಕತ್ತರಿಸಿ ಈಗ 'ಎಲ್ಲರಿಗೂ ನಮಸ್ಕಾರ' ಒಂದೇ ಉಳಿದಿದೆ."

"ಅದ್ರಲ್ಲೂ 'ಎಲ್ಲರಿಗೂ' ಬೇಕಾ ಅಂತ ಯೋಚಿಸ್ತಿದ್ದೀನಿ," ಎಂದರು ಒಳಗಿನಿಂದ ಕತ್ತರಿ.

ಅವರು ಕಿಟಕಿಯ ಬಳಿ ಮೇಜಿನ ಮುಂದೆ ಕೂತಿದ್ದರು. ಕ್ಷೌರ ಮಾಡಿಸಿಕೊಂಡು ಕೆನ್ನೆ ನುಣುಪಾಗಿತ್ತು. ಅಕ್ಕ ಇನ್ನೊಂದು ಮೇಜಿನ ಮೇಲೆ ಬೂದು ಬಣ್ಣದ ಕೋಟಿಗೆ ಮತ್ತೆ ಇಸ್ತ್ರಿ ಹಾಕತೊಡಗಿದರು. ಹಳೆಯ ಕೋಟೇ, ಆದರೆ ಗುಂಡಿಗಳು ಹೊಸವು. ಗಿಳಿ ಆ ಗುಂಡಿಗಳನ್ನೇ ನೋಡುತ್ತ ನಿಂತ.

"ಕೂತ್ಕೋ. ಮುಖ ಯಾಕೆ ಹಾಗಿದೆ? ಏನು ಸುದ್ದಿ?"

"ಸುದ್ದಿ ಸುಳ್ಳು ಸರ್," ಎಂದ ಗಿಳಿ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪೀಠಿಕೆಯೆಲ್ಲ ಮೆಟ್ಟಿಲಲ್ಲೇ ಉಳಿದಿತ್ತು. "ನಿಮಗೆ ಫೋನ್ ಮಾಡಿದ್ದು ಅಧ್ಯಕ್ಷರಲ್ಲ. ನಾನು. ಕ್ಯಾಂಟೀನಲ್ಲಿ ಎಲ್ಲರೂ ಕೂತು... ನೀವು ಅಧ್ಯಕ್ಷರಿಗೆ ಬೈತೀರಿ, ಕೇಳೋಣ ಅಂತ. ತಮಾಷೆಗೆ."

ಇಸ್ತ್ರಿಪೆಟ್ಟಿಗೆ ಕೋಟಿನ ಮೇಲೆ ನಿಂತಿತು. ಸುಟ್ಟ ವಾಸನೆ ಬಂದ ಮೇಲೆ ಅಕ್ಕ ಬೆಚ್ಚಿ ಎತ್ತಿದರು.

ಗಿಳಿ ಉಳಿದದ್ದನ್ನೂ ಹೇಳಿದ. ಕೆಳಗಿನ ಮನೆಯ ವರದಿಗಾರ, ಕಾರ್ಯದರ್ಶಿ, ಸರ್ವಾನುಮತ, ಮಾಲೀಕರ ಫೋನು, ಮೇಲಂತಸ್ತು, ವಾಪಸು ತಗೋ ಎಂದ ಅಧ್ಯಕ್ಷರು. ಕತ್ತರಿ ತಲೆಯೆತ್ತದೆ ಕೇಳಿದರು, ಕೆಟ್ಟದಾಗಿ ಬರೆದ ವರದಿಯೊಂದನ್ನು ಓದುವ ಹಾಗೆ. ಕೆಳಗೆ ಡಿಪೋದಲ್ಲಿ ಒಂದು ಬಸ್ಸು ಹಿಂದಕ್ಕೆ ಬರುತ್ತ ಸೀಟಿ ಹೊಡೆಯುತ್ತಿತ್ತು.

"ನಾನು ತಿರುಗಿ ಫೋನ್ ಮಾಡ್ಲಿಲ್ಲ," ಎಂದರು ಕೊನೆಗೆ. "ಒಂದೇ ಒಂದು ಸಲ ತಿರುಗಿ ಫೋನ್ ಮಾಡಿ 'ನೀವೇನಾ ಹೇಳಿದ್ದು' ಅಂತ ಕೇಳಿದ್ರೆ ಆಗ್ತಿತ್ತು. ಜೀವಮಾನವಿಡೀ ಬೇರೆಯವರಿಗೆ ಹೇಳ್ಕೊಟ್ಟಿದ್ದು ಅದೊಂದೇ. ನನ್ನ ಸುದ್ದಿ ಬಂದಾಗ ಕೇಳೋಕೆ ಮನಸ್ಸು ಬರ್ಲಿಲ್ಲ."

"ಸರ್..."

"ಅವತ್ತು ಸಂಘ ಮಾತಾಡ್ಬೇಕಿತ್ತು, ತಪ್ಪಾಯ್ತು ಅಂದ್ಯಲ್ಲ. ಅದು ಯಾರು ಹೇಳಿಕೊಟ್ಟಿದ್ದು?"

"ಯಾರೂ ಇಲ್ಲ. ನೀವು 'ಯಾಕೆ' ಅಂದ್ರಿ. ನಂಗೆ ಬಾಯಿಗೆ ಬಂತು."

"ಅಂದ್ರೆ ನಿಂದು."

"ನಂದೇ."

"ಹಾಗಾದ್ರೆ ನಿನ್ನ ಹೆಸರಲ್ಲೇ ಹೇಳ್ಬೇಕಿತ್ತು ಕಣಯ್ಯ," ಎಂದರು ಕತ್ತರಿ. ಗಿಳಿಗೆ ತಲೆ ತಗ್ಗಿತು. ಬೈದಿದ್ದರೆ ಇಷ್ಟು ತಗ್ಗುತ್ತಿರಲಿಲ್ಲ.

"ಸನ್ಮಾನಾನೂ ಬೇಡ, ಅವಮಾನಾನೂ ಬೇಡ, ಬಿಟ್ಹಾಕು," ಎಂದರು ಅಕ್ಕ. ಜಬರ್ದಸ್ತು ಮಾತ್ರ ಬಿಟ್ಟಿರಲಿಲ್ಲ. "ಲೋ ಗಿಳಿ, ನಿಂಗೆ ಎರಡು ಬಾರಿಸ್ಬೇಕು ಅನ್ಸುತ್ತೆ. ಕಾಫಿ ಕುಡಿದ ಮೇಲೆ ಬಾರಿಸ್ತೀನಿ, ಇರು."

ಕತ್ತರಿ ಕೈಚಾಚಿದರು. "ನಿನ್ನ ಫೋನ್ ಕೊಡು. ಅಧ್ಯಕ್ಷರ ನಂಬರ್ ನನ್ನ ಹತ್ರ ಇಲ್ಲ."

"ಯಾಕೆ ಸರ್? ಬೇಡ ಸರ್."

"ನೀನು ಹೇಳಿದ್ದು ಒಂದು ಕಡೆಯವರ ಮಾತು. ಇನ್ನೊಂದು ಕಡೆಯವರನ್ನ ಕೇಳ್ದೆ ನಾನು ಯಾವತ್ತು ಪುಟ ಅಚ್ಚಿಗೆ ಬಿಟ್ಟಿದ್ದೀನಿ? ಒಂದು ಸಲ ತಪ್ಪು ಮಾಡಿದ್ದು ಸಾಕು."

ಗಿಳಿ ನಂಬರ್ ಒತ್ತಿ, ಸ್ಪೀಕರ್ ಹಾಕಿ ಕೊಟ್ಟ. ಅಲ್ಲಿ ರಿಂಗಾಗುತ್ತಿರುವಾಗ ಅವನಿಗೆ ಹೊಳೆಯಿತು, ಅಧ್ಯಕ್ಷರ ಫೋನಿನಲ್ಲಿ ಈಗ ಬೆಳಗುತ್ತಿರುವುದು ತನ್ನ ಹೆಸರು. ಬಾಯಿ ತೆರೆಯುವಷ್ಟರಲ್ಲಿ ಅವರು ಎತ್ತಿಯಾಗಿತ್ತು.

"ನಮಸ್ಕಾರ ಅಧ್ಯಕ್ಷರೇ," ಎಂದರು ಕತ್ತರಿ. "ದನಿ ಗುರುತು ಸಿಕ್ತಾ? ನನ್ನ ಸನ್ಮಾನದ ವಿಷಯ ಕೇಳೋಣ ಅಂತ ಮಾಡ್ದೆ."

ಆ ಕಡೆಯಿಂದ ಗೊಳ್ಳೆಂಬ ನಗು. "ಲೋ ಗಿಳಿ! ಬಿಡೋ ಸಾಕು! ಕೆಲಸ ಮಾಡು ಅಂದ್ರೆ ನನ್ನ ಮೇಲೇ ಪ್ರಯೋಗ ಮಾಡ್ತೀಯಾ?"

ಕತ್ತರಿ ಗಿಳಿಯನ್ನು ನೋಡಿದರು. ಗಿಳಿ ಕೈಮುಗಿದ, ಇಟ್ಟುಬಿಡಿ ಎಂಬಂತೆ. ಅವರು ಇಡಲಿಲ್ಲ.

"ಗಿಳಿ ಅಲ್ಲ ಕಣ್ರೀ. ನಾನೇ ಮಾತಾಡ್ತಿರೋದು."

"ಹ್ಹಹ್ಹ, ನಾನೇ ಅಂತೆ! ಪರವಾಗಿಲ್ಲ, ಮಾಡ್ತೀಯ. ಆದ್ರೆ ಇನ್ನೂ ಅಭ್ಯಾಸ ಬೇಕು. ಆ ಮನುಷ್ಯ ಇಷ್ಟು ಮೆತ್ತಗೆ ಮಾತಾಡಲ್ಲ. ಅವನ ದನೀಲಿ ಬ್ಲೇಡ್ ಇರುತ್ತೆ, ಬ್ಲೇಡ್! ನಿಂದು ಬೆಣ್ಣೆ ಚಾಕು."

ಅಕ್ಕ ಬಾಯಿಗೆ ಸೆರಗು ಒತ್ತಿದರು. ನಗು ತಡೆಯಲೋ ಅಳು ತಡೆಯಲೋ ಗಿಳಿಗೆ ತಿಳಿಯಲಿಲ್ಲ.

"ಸರಿ, ಅಭ್ಯಾಸ ಮಾಡ್ತೀನಿ," ಎಂದರು ಕತ್ತರಿ. "ಒಂದೇ ಪ್ರಶ್ನೆ. ಅವತ್ತು ಸಂಘ ಯಾಕೆ ಬಾಯಿ ಬಿಡ್ಲಿಲ್ಲ?"

"ಅದೇನು ನಿಂಗೆ ಗೊತ್ತಿಲ್ದೆ ಇರೋದಾ? ಬಾಯಿ ಬಿಟ್ಟಿದ್ರೆ ಮೇಲಂತಸ್ತು ಯಾರಪ್ಪ ಕಟ್ಟಿಸ್ಕೊಡ್ತಿದ್ದ? ಅವನು ಮಾಡಿದ್ದು ಸರಿ ಅಂತ ನಮಗೆಲ್ಲ ಗೊತ್ತಿತ್ತು ಕಣೋ. ಗೊತ್ತಿದ್ದೇ ಸುಮ್ಮನಿದ್ವಿ. ಅವನೂ ಎರಡು ತಿಂಗಳಲ್ಲಿ ಮರೀತಾನೆ ಅಂದ್ಕೊಂಡ್ವಿ, ಆಸಾಮಿ ಮರೀಲಿಲ್ಲ. ಹೋಗ್ಲಿ ಬಿಡು. ಈಗ ನಾಟಕ ನಿಲ್ಸು, ಅವನಿಗೆ ಫೋನ್ ಮಾಡಿ ಮುಗಿಸು."

"ಇದನ್ನ ನಿಮ್ಮ ಹೆಸರಲ್ಲಿ ಹಾಕಬಹುದಾ?"

"ಹಾಕು ಹಾಕು! ಮುಖಪುಟಕ್ಕೇ ಹಾಕು!" ಎಂದು ಅಧ್ಯಕ್ಷರು ಇನ್ನೊಮ್ಮೆ ಗಹಗಹಿಸಿ ಫೋನ್ ಇಟ್ಟರು.

ಕತ್ತರಿ ಫೋನನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡರು. ಹೆಗಲು ಕುಣಿಯತೊಡಗಿತು. ಗಿಳಿ ದಡಬಡಿಸಿ ಎದ್ದು ನಿಂತ.

"ನನ್ನ... ನನ್ನ ದನಿ ಪರೀಕ್ಷೇಲಿ ನಾನೇ ಫೇಲು ಕಣೇ ಅಕ್ಕಾ," ಎಂದರು ಕೈಗಳ ಒಳಗಿನಿಂದ. "ಬೆಣ್ಣೆ ಚಾಕು ಅಂತೆ!"

ಅಕ್ಕನ ಬಾಯಿಂದ ಸೆರಗು ಜಾರಿತು. ಪುಸಕ್ಕನೆ ನಕ್ಕರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಗಿಳಿಯ ಮುಖದಲ್ಲೂ ಏನೋ ಒಂದು ಬಂತು. ಅದಕ್ಕೆ ನಗು ಎಂದು ಹೆಸರಿಡಲು ಅವನಿಗೇ ಧೈರ್ಯವಾಗಲಿಲ್ಲ.

"ಕೋಟು ಮಡಚಿ ಇಟ್ಬಿಡ್ಲೇನೋ?" ಕೇಳಿದರು ಅಕ್ಕ. "ಬೆನ್ನ ಮೇಲೆ ಸುಟ್ಟೂ ಹೋಗಿದೆ."

"ಇಡಬೇಡ. ನಾಳೆ ಹೋಗೋಣ, ಮುಂದಿನ ಸಾಲಲ್ಲೇ ಕೂರೋಣ. ಸನ್ಮಾನ ತಗೊಳ್ಳೋಕಲ್ಲ. ಇಷ್ಟು ಪತ್ರಿಕೇಲಿ ಬಂದಿದೆ, ಅಧ್ಯಕ್ಷರೇ ಹೌದು ಅಂದಿದ್ದಾರೆ, ತಿದ್ದುಪಡಿ ಯಾರೂ ಹಾಕಿಲ್ಲ. ನಿಜಾನಾ ಅಂತ ಖುದ್ದು ಹೋಗಿ ನೋಡ್ಬೇಕೋ ಬೇಡ್ವೋ? ಮೈಕ್ ಹಿಡಿದು 'ಆತ್ಮೀಯರೇ' ಅಂದು ನನ್ನ ಮುಖ ನೋಡಿದಾಗ ಅವರ ದನಿ ಎಲ್ಲಿಂದ ಬರುತ್ತೋ..." ಎಂದವರಿಗೆ ವಾಕ್ಯ ಮುಗಿಸಲಾಗಲಿಲ್ಲ. ಅದುವರೆಗೆ ಹೆಗಲಲ್ಲಿದ್ದ ನಗು ಗಂಟಲಿಗೆ ಏರಿ, ಗಂಟಲು ದಾಟಿ ಕಿಟಕಿಯಿಂದ ಹೊರಗೆ ಹೋಯಿತು. ಅಷ್ಟು ದೊಡ್ಡ ನಗು ಆ ಒಣಕಲು ಮೈಯಲ್ಲಿ ಎಲ್ಲಿತ್ತೋ. ಮೇಜು ಗುದ್ದಿ ನಕ್ಕರು, ಕಣ್ಣೀರು ಸುರಿಸಿಕೊಂಡು ನಕ್ಕರು. ಅಕ್ಕನ ನಗು ಅದರಲ್ಲಿ ಮುಳುಗಿಹೋಯಿತು. ಸಾಕು ಸರ್, ಎದೆ ಹಿಡ್ಕೊಳ್ಳುತ್ತೆ, ಎಂದು ಗಿಳಿ ನೀರಿನ ಲೋಟ ಹಿಡಿದು ಪಕ್ಕದಲ್ಲಿ ನಿಂತೇ ಇದ್ದ.

ಕೆಳಗಿನ ಮನೆಯ ಕಿಟಕಿ ತೆರೆದ ಸದ್ದಾಯಿತು. "ಏನ್ ಸಾರ್ ಅದು? ಏನು ವಿಶೇಷ?" ಎಂದು ಬೆಳಗಿನ ಪತ್ರಿಕೆಯ ವರದಿಗಾರ ಕೂಗಿದ.

ಕತ್ತರಿಯವರು ಉತ್ತರ ಕೊಡಲು ಕಿಟಕಿಯಿಂದ ತಲೆ ಹೊರಹಾಕಿದರು, ನಗು ಬಿಡಲಿಲ್ಲ.